ಕರಗುವ ನೆಲದ ಆಳ ದುಪ್ಪಟ್ಟು ಬರುತ್ತಿದ್ದರೆ: ನನ್ನ ಅನುಭವ

ಸುರತ್ಕಲ್‌ನಲ್ಲಿ ಕೂತು, ಅಲಾಸ್ಕಾದ ಉಟ್ಕಿಯಾಗ್ವಿಕ್‌ನ ಹೆಪ್ಪುನೆಲದ (ವರ್ಷಗಟ್ಟಲೆ ಹೆಪ್ಪುಗಟ್ಟಿಯೇ ಇರುವ ನೆಲ) ಮೇಲ್ಪದರ ಬೇಸಿಗೆಯಲ್ಲಿ ಎಷ್ಟು ಆಳ ಕರಗುತ್ತದೆ ಎಂದು ಸ್ಟೆಫಾನ್ ಸೂತ್ರದಿಂದ (ಬೇಸಿಗೆಯ ಶಾಖದಿಂದ ಕರಗುವ ಆಳ ಹೇಳುವ ಸೂತ್ರ) ಲೆಕ್ಕ ಹಾಕುತ್ತಿದ್ದೆ. ಅಲ್ಲಿನ ಅಳತೆ ಸುಮಾರು 35 ಸೆಂ.ಮೀ. ನೆಲವೆಲ್ಲ ಒಂದೇ ಮಣ್ಣು ಎಂದು ಹಿಡಿದು ನನಗೆ ಬರುತ್ತಿದ್ದದ್ದು 66.

ಬೇರೆ ಹವಾಮಾನ ದತ್ತಾಂಶ ಹಾಕಿದರೂ ಫರಕು ಬೀಳಲಿಲ್ಲ. ಉಷ್ಣವಾಹಕತೆ ಇಳಿಸಿದರೆ ಒಂದು ವರ್ಷ ಹೊಂದುತ್ತಿತ್ತು, ಇನ್ನೊಂದು ವರ್ಷ ತಪ್ಪುತ್ತಿತ್ತು. ಹೀಗೆ ಎಳೆದು ಕೂರಿಸಿದ ಮಾದರಿಯಿಂದ 2050ರ ಆಳ ಹೇಳುವುದು ಸುಮ್ನೆ ಊಹೆ.

ಕೊನೆಗೆ ಸರಿಹೋದದ್ದು ನೆಲವನ್ನು ಎರಡು ಪದರ ಮಾಡಿದಾಗ. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಇಲ್ಲದ ಪಾಚಿ, ಪೀಟ್‌ನ ಹೊದಿಕೆ ಅಲ್ಲಿದೆ (ಪೀಟ್ ಅಂದರೆ ಅರೆಕೊಳೆತ ಸಸ್ಯಗಳ ಪದರ). ಮೊದಲು ಪೀಟ್: ದಪ್ಪ 0.15 ಮೀ., ಉಷ್ಣವಾಹಕತೆ 0.3 W/m·K, ನೀರು 60%. ಬೇಸಿಗೆಯ 350 ಡಿಗ್ರಿ-ದಿನಗಳಲ್ಲಿ (ಸೊನ್ನೆ ಡಿಗ್ರಿಗಿಂತ ಮೇಲಿನ ದಿನದ ಸರಾಸರಿ ತಾಪಮಾನಗಳ ಒಟ್ಟು ಮೊತ್ತ) 87 ಇದನ್ನು ಕರಗಿಸಲಿಕ್ಕೇ ಖರ್ಚು. ಉಳಿದ 263ನ್ನು 86,400ರಿಂದ (ದಿನದ ಸೆಕೆಂಡುಗಳು) ಗುಣಿಸಿ, ಆಮೇಲೆ ಕೆಳಗಿನ ಮಣ್ಣಿಗೆ ಕೊಡಿ (ಉಷ್ಣವಾಹಕತೆ 1.2, ನೀರು 50%). ಆ ಶಾಖ ಪೀಟ್ ದಾಟಿಯೇ ಬರಬೇಕು ಅಲ್ವಾ? ಹಾಗಾಗಿ ಪೀಟ್‌ನ ತಡೆ, 0.15 ÷ 0.3 = 0.5, ಮಣ್ಣು ಕರಗುವ ಆಳ ಕೊಡುವ ವರ್ಗಸಮೀಕರಣದಲ್ಲಿ ಸೇರಲೇಬೇಕು. ಇದನ್ನು ಬಿಟ್ಟರೆ ಉತ್ತರ 72 ಸೆಂ.ಮೀ., ಮೊದಲಿಗಿಂತ ಜಾಸ್ತಿ! ಸೇರಿಸಿದರೆ 38.

ಡಿಗ್ರಿ-ದಿನ 20% ಏರಿಸಿದಾಗ ಆಳ 43ಕ್ಕೆ ಹೋಯಿತು. ಪೀಟ್ ದಪ್ಪ ಮಾತ್ರ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಅದನ್ನು ಆಯಾ ಸ್ಥಳದ ಅಳತೆಯಿಂದಲೇ ತಗೊಳ್ಳಿ.