ಗುಳಿಗೆ ಮುಗೀತು, ಡಬ್ಬಿ ಉಳೀತು

ಖಾಲಿ ಔಷಧಿ ಡಬ್ಬಿಯ ಮರುಬಳಕೆ ಹೇಳಿಕೊಡುವ ಅಮೆರಿಕದ ವಿಡಿಯೊಗಳಲ್ಲಿ ಕಾಣುವ, ರೋಗಿಯ ಹೆಸರು ಅಂಟಿಸಿದ ಕಿತ್ತಳೆ ಬಣ್ಣದ ಡಬ್ಬಿ ನಮ್ಮ ಬಳ್ಳಾರಿಯ ಮೆಡಿಕಲ್ ಅಂಗಡಿಯಲ್ಲಿ ಸಿಗುವುದಿಲ್ಲ. ಇಲ್ಲಿ ಸ್ಟ್ರಿಪ್ ಕತ್ತರಿಸಿ ಬೇಕಾದಷ್ಟು ಗುಳಿಗೆ ಕೊಡುತ್ತಾರೆ. ಆದರೂ ಮನೆಯಲ್ಲಿ ಡಬ್ಬಿ ಸೇರುವುದು ತಪ್ಪಿಲ್ಲ. ನಮ್ಮ ಅತ್ತೆಗೆ ಥೈರಾಯ್ಡ್. ದಿನಕ್ಕೊಂದರಂತೆ ನೂರು ಗುಳಿಗೆಯ ಡಬ್ಬಿ ಮೂರು ತಿಂಗಳು ಚಿಲ್ಲರೆ ದಿನಕ್ಕೆ ಖಾಲಿ. ಅದರ ಜತೆ ಕ್ಯಾಲ್ಸಿಯಂ, ಮಾವನವರ ಆಯುರ್ವೇದದ ಗುಳಿಗೆ ಬೇರೆ. ಎರಡು ವರ್ಷದಲ್ಲಿ ಒಂದು ಮೊರ ತುಂಬಿತು. ಒಗೆಯಲು ಹೋದರೆ ಅತ್ತೆ, “ಇಂಥಾ ಗಟ್ಟಿ ಡಬ್ಬಿ ಯಾರಾರ ಒಗೀತಾರೇನವ್ವಾ?” ಅಂತ ಕೈ ಹಿಡಿದರು.

ಅವರ ಮಾತಲ್ಲಿ ನ್ಯಾಯವಿದೆ. ಥೈರಾಯ್ಡ್ ಗುಳಿಗೆಗೆ ಬೆಳಕು, ಸೆಖೆ, ತೇವ ಮೂರೂ ಆಗಿಬರುವುದಿಲ್ಲ. ಹಾಗಾಗಿ ಡಬ್ಬಿ ದಪ್ಪ, ಮುಚ್ಚಳ ಬಿಗಿ. ತೇವ ತಾಗಬಾರದ ಸಣ್ಣ ಸಾಮಾನಿಗೆ ಇದು ಹೇಳಿ ಮಾಡಿಸಿದ್ದು. ಉಪ್ಪು, ಖಾರ, ಜೀರಿಗೆ ಅಂತ ತಿನ್ನುವ ಪದಾರ್ಥ ಮಾತ್ರ ತುಂಬಬೇಡಿ. ಔಷಧಿಯ ಪುಡಿ ಎಲ್ಲೋ ಅಂಚಿನಲ್ಲಿ ಉಳಿದಿರುತ್ತದೆ. ಕ್ಯಾನ್ಸರ್ ಗುಳಿಗೆ ಇದ್ದ ಡಬ್ಬಿಯಂತೂ ಯಾವ ಕೆಲಸಕ್ಕೂ ಬೇಡ.

ತೊಳೆಯುವುದು ಹೀಗೆ

ಮೊದಲು ಒಳಗಿನ ಹತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ತೆಗೆಯಿರಿ. ಲೇಬಲ್ಲನ್ನು ಉಗುರಿನಿಂದ ಕೆರೆಯುತ್ತ ಕೂರಬೇಡಿ. ಬೆಚ್ಚನೆಯ ನೀರಲ್ಲಿ ಅರ್ಧ ಗಂಟೆ ನೆನೆಸಿದರೆ ಕಾಗದ ಬಿಡುತ್ತದೆ. ಉಳಿದ ಅಂಟಿಗೆ ಶೇಂಗಾ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಉಜ್ಜಿ. ಅಂಟು ಎಣ್ಣೆಯಲ್ಲಿ ಮೆತ್ತಗಾಗುತ್ತದೆ, ನೀರಿಗೆ ಬಗ್ಗುವುದಿಲ್ಲ. ಆಮೇಲೆ ಪಾತ್ರೆ ಸೋಪು ಹಾಕಿ ಒಳಗೂ ಹೊರಗೂ ಎರಡು ಸಲ ತೊಳೆಯಿರಿ. ಕುದಿಯುವ ನೀರು ಸುರಿಯಬೇಡಿ, ಕೆಲವು ಡಬ್ಬಿ ಸೊಟ್ಟಗಾಗಿ ಮುಚ್ಚಳ ಕೂರುವುದಿಲ್ಲ. ಬಿ-ಕಾಂಪ್ಲೆಕ್ಸ್ ಡಬ್ಬಿಯ ವಾಸನೆ ಹಟಮಾರಿ; ಅದಕ್ಕೆ ಒಂದು ಚಮಚ ಅಡುಗೆ ಸೋಡಾ, ಸ್ವಲ್ಪ ನೀರು ಹಾಕಿ ರಾತ್ರಿಯಿಡೀ ಇಡಿ. ಒಣಗಿಸಲು ನಮ್ಮೂರಲ್ಲಿ ಚಿಂತೆಯಿಲ್ಲ: ಬಾಯಿ ತೆರೆದು ಮಾಳಿಗೆಯ ಮೇಲೆ ಒಂದು ಮಧ್ಯಾಹ್ನ. ವಾರಗಟ್ಟಲೆ ಅಲ್ಲೇ ಮರೆತರೆ ಮಾತ್ರ ಪ್ಲಾಸ್ಟಿಕ್ ಬಿರುಸಾಗಿ ಸೀಳುತ್ತದೆ.

ಏನು ತುಂಬಬಹುದು?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಇರುವ ಓಣಿಗಳಲ್ಲಿ ಇದನ್ನು ನಾನು ಹೇಳಿಕೊಡಬೇಕಿಲ್ಲ. ಮಷಿನ್ ಸೂಜಿಗೆ ತುಕ್ಕು ಹಿಡಿದರೆ ದಾರ ಪಟಪಟ ಹರಿಯುತ್ತದೆ. ಡಬ್ಬಿಯ ತಳಕ್ಕೆ ಹತ್ತಿ ಒತ್ತಿ, ಅದರ ಮೇಲೆ ಎರಡು ಹನಿ ಮಷಿನ್ ಎಣ್ಣೆ ಬಿಟ್ಟು ಸೂಜಿ ನಿಲ್ಲಿಸಿ. ಅಗಲ ಬಾಯಿಯ ಕ್ಯಾಲ್ಸಿಯಂ ಡಬ್ಬಿಯಲ್ಲಿ ಬಾಬಿನ್‌ಗಳನ್ನು ಒಂದರ ಮೇಲೊಂದು ಪೇರಿಸಿದರೆ ದಾರ ಗೋಜಲಾಗುವುದಿಲ್ಲ. ಬ್ಲೌಸ್ ಹುಕ್ಕು, ಗುಂಡಿ, ಪಿನ್ನು ಬೇರೆ ಬೇರೆ ಡಬ್ಬಿಗೆ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಬೀಜಕ್ಕೆ. ಬೆಂಡೆ, ಹೀರೆ, ಪುಂಡಿಪಲ್ಯದ ಬೀಜವನ್ನು ಎಳೆಬಿಸಿಲಲ್ಲಿ ಎರಡು ಮೂರು ದಿನ ಒಣಗಿಸಿ. ಸುಡುವ ಮಧ್ಯಾಹ್ನದ ಬಿಸಿಲು ಬೇಡ, ಮೊಳಕೆಯ ಶಕ್ತಿ ಹೋಗುತ್ತದೆ. ಡಬ್ಬಿಯಿಂದ ಬಂದ ಸಿಲಿಕಾ ಪೊಟ್ಟಣ ಹಳೆಯದಾಗಿದ್ದರೆ ಅದು ಕುಡಿಯಬೇಕಾದ ತೇವವನ್ನೆಲ್ಲ ಆಗಲೇ ಕುಡಿದಿರುತ್ತದೆ. ಅದರ ಬದಲು ಒಂದು ಚಮಚ ಸೋನಾಮಸೂರಿ ಅಕ್ಕಿಯನ್ನು ಕೆಂಪಗೆ ಹುರಿದು, ಮುಚ್ಚಿಟ್ಟು ಪೂರ್ತಿ ಆರಿಸಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಬೀಜದ ಮೇಲಿಡಿ. ಹುರಿದ ಅಕ್ಕಿ ತೇವ ಎಳೆದುಕೊಳ್ಳುತ್ತದೆ. ಬಿಸಿ ಇರುವಾಗಲೇ ಹಾಕಿದರೆ ಬೀಜ ಬೆವರುತ್ತದೆ. ಬೀಜದ ಹೆಸರು, ತಿಂಗಳು, ವರ್ಷ ಬರೆದು ಅಂಟಿಸಿ, ತಂಪು ಜಾಗದಲ್ಲಿಡಿ.

ರಂಗೋಲಿಗೂ ಆಗುತ್ತದೆ. ಕಾದ ದಬ್ಬಳದಿಂದ ಮುಚ್ಚಳದ ನಡುವೆ ಒಂದೇ ತೂತು ಮಾಡಿ, ಜರಡಿ ಹಿಡಿದ ಪುಡಿ ತುಂಬಿ ಬೋರಲು ಹಿಡಿದರೆ ಗೆರೆ ಬೀಳುತ್ತದೆ. ಅತ್ತೆ ಇದನ್ನು ಒಪ್ಪಿಲ್ಲ, ಅವರ ಬೆರಳಿನ ಗೆರೆಗೆ ಇದು ಸಾಟಿಯೂ ಅಲ್ಲ. ಹೂಬತ್ತಿ ಇಡಲು ಮಾತ್ರ ಒಂದು ಡಬ್ಬಿ ತೆಗೆದುಕೊಂಡಿದ್ದಾರೆ.

ತುಳಸಿ ಕುಂಡಕ್ಕೆ ಹನಿ ನೀರಾವರಿ ಮಾಡೋಣವೆಂದು ತಳಕ್ಕೆ ಸೂಜಿ ತೂತು ಹಾಕಿ ಹೂತು ನೋಡಿದೆ. ಇಷ್ಟು ಸಣ್ಣ ಡಬ್ಬಿಯ ನೀರು ಬೇಸಿಗೆಯಲ್ಲಿ ಮಧ್ಯಾಹ್ನದವರೆಗೂ ತಡೆಯಲಿಲ್ಲ. ಅದಕ್ಕೆ ದೊಡ್ಡ ಬಾಟಲಿಯೇ ಬೇಕು.

ಇವನ್ನು ಮಾಡಲೇಬೇಡಿ

ನುಸಿಗುಳಿಗೆ, ಬೋರಿಕ್ ಪುಡಿಯ ಉಂಡೆ, ಇಲಿಪಾಷಾಣ ಯಾವುದನ್ನೂ ಈ ಡಬ್ಬಿಯಲ್ಲಿ ಇಡಬಾರದು. ಕನ್ನಡಕ ಇಲ್ಲದ ಮುದುಕರಿಗೆ, ಕೈಗೆ ಸಿಕ್ಕಿದ್ದು ಬಾಯಿಗಿಡುವ ಮಗುವಿಗೆ ಅದು ಗುಳಿಗೆ ಡಬ್ಬಿಯೇ. ಒಂದು ಔಷಧಿಯ ಡಬ್ಬಿಗೆ ಇನ್ನೊಂದನ್ನು ಸುರಿಯುವುದೂ ಬೇಡ, ಬಿ.ಪಿ. ಗುಳಿಗೆ, ಶುಗರ್ ಗುಳಿಗೆ ಎರಡೂ ಬೆಳ್ಳಗೆ, ದುಂಡಗೆ ಇರಬಹುದು. ಮರುಬಳಕೆಯ ಡಬ್ಬಿಗೆ ಬಣ್ಣದ ಟೇಪು ಸುತ್ತಿ, ಔಷಧಿ ಇಡುವ ಗೂಡಿನಿಂದ ದೂರ ಇಡಿ. ಸಿಲಿಕಾ ಕಾಳು ನೀಲಿ ಬಣ್ಣದ್ದಾದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಅದರಲ್ಲಿ ವಿಷಕಾರಿಯಾದ ಕೋಬಾಲ್ಟ್ ಇರಬಹುದು.

ಡಬ್ಬಿಯಲ್ಲಿ ಅವಧಿ ಮೀರಿದ ಗುಳಿಗೆ ಉಳಿದಿದ್ದರೆ ಬಚ್ಚಲಿಗೆ ಸುರಿಯಬೇಡಿ. 2016ರ ಘನತ್ಯಾಜ್ಯ ನಿಯಮಗಳೇ ಅದನ್ನು ಮನೆಯ ಅಪಾಯಕಾರಿ ಕಸ ಎಂದು ಎಣಿಸಿದ್ದವು; ಬೇರೆ ಕಟ್ಟಿ ಕಸದ ಗಾಡಿಯವರಿಗೆ ಹೇಳಿ ಕೊಡಿ.

ಇಷ್ಟೆಲ್ಲ ಆದಮೇಲೂ ಅರ್ಧ ಮೊರ ಉಳಿಯುತ್ತದೆ. ತಳದ ತ್ರಿಕೋನದಲ್ಲಿ 2 ಎಂದಿದ್ದರೆ ಅದು ಗಟ್ಟಿ ಪಾಲಿಥೀನ್, ಕರಗಿಸಿ ಮತ್ತೆ ಬಳಸಲು ಬರುತ್ತದೆ. ಗುಜರಿಯವನಿಗೆ ಕೊಡುವ ಮುನ್ನ ಮುಚ್ಚಳ ಬಿಚ್ಚಿ, ಡಬ್ಬಿ ಕಾಲಲ್ಲಿ ತುಳಿದು ಚಪ್ಪಟೆ ಮಾಡಿ. ಅತ್ತೆ ಮಧ್ಯಾಹ್ನ ಮಲಗಿದ್ದಾಗ ಮಾಡಿದರೆ ಇನ್ನೂ ಒಳ್ಳೆಯದು.