ಫೈಟರ್ ಮೀನಿಗೆ ಹುಷಾರಿಲ್ಲ: ಮದ್ದಿಗಿಂತ ಮೊದಲು ಟಾರ್ಚು

ಪುಣೆಯಲ್ಲಿ ಡಿಸೆಂಬರ್ ಬಂತು ಅಂದರೆ ನನ್ನ ಫೋನಿಗೆ ಮೀನಿನ ಫೋಟೊಗಳು ಬರೋಕೆ ಶುರುವಾಗುತ್ತವೆ. ಹೆಚ್ಚಿನವು ಬೆಟ್ಟಾ, ಅಂಗಡಿಯವರ ಬಾಯಲ್ಲಿ ಫೈಟರ್. "ಮೂಲೆಯಲ್ಲಿ ಸುಮ್ನೆ ಕೂತಿದೆ, ಊಟ ಬಿಟ್ಟಿದೆ, ಯಾವ ಔಷಧ ಹಾಕಲಿ?" ಅಂತ ಕೇಳುತ್ತಾರೆ. ಎಲ್ಲರಿಗೂ ಬೇಕಾಗಿರೋದು ಔಷಧದ ಹೆಸರು. ನಾನು ಮಾತ್ರ ನೀರು ಎಷ್ಟು ಡಿಗ್ರಿ ಇದೆ ಅಂತ ಕೇಳುತ್ತೇನೆ. ಥರ್ಮಾಮೀಟರ್ ಇರುವ ಮನೆಗಳು ಕಡಿಮೆ.

ಈ ಊರಿನ ಚಳಿಗಾಲದಲ್ಲಿ ತೊಂದರೆ ಕೊಡೋದು ಚಳಿಗಿಂತ ಏರಿಳಿತ. ರಾತ್ರಿ 10–12 ಡಿಗ್ರಿ, ಮಧ್ಯಾಹ್ನ 28–30. ಮನೆಯೊಳಗೆ ಅಷ್ಟು ತಣ್ಣಗಾಗಲ್ಲ ನಿಜ. ಆದರೆ ಕಿಟಕಿ ಪಕ್ಕದ ಸಣ್ಣ ಗಾಜಿನ ಬೋಗುಣಿಯ ನೀರು ಬೆಳಗಿನ ಜಾವ 19–20ಕ್ಕೆ ಇಳಿದು, ಮಧ್ಯಾಹ್ನ ಮತ್ತೆ ಏರುತ್ತೆ. ಬೆಟ್ಟಾ ಥಾಯ್ಲೆಂಡ್ ಕಡೆಯ ಗದ್ದೆ, ಹೊಂಡಗಳ ಮೀನು. ಅದಕ್ಕೆ 25ರಿಂದ 28 ಡಿಗ್ರಿ ಬೇಕು, ಅದೂ ಒಂದೇ ಸಮ. ದಿನಾ ಹೀಗೆ ಏರಿಳಿದರೆ ಅದರ ಶಕ್ತಿ ಕುಗ್ಗುತ್ತೆ. ಆಗ ಮೈಮೇಲೆ ಸುಮ್ನೆ ಇದ್ದ ರೋಗ ತಲೆ ಎತ್ತುತ್ತೆ.

ಹೋದ ಚಳಿಗಾಲದಲ್ಲಿ ನಮ್ಮ ಸೊಸೈಟಿಯ ಮೇಲಿನ ಮಹಡಿಯ ಕಾಕು (ಚಿಕ್ಕಮ್ಮ ಅಂತ ಕರೆಯೋದು) ಹಾಗೇ ಒಂದು ಬೋಗುಣಿ ಹಿಡಿದುಕೊಂಡು ಬಂದರು. ಅವರು ವಿಜಯಪುರದ ಕಡೆಯವರು. ಒಳಗೆ ಕಡುಕೆಂಪು ಬಣ್ಣದ ಫೈಟರ್. ಮೊಮ್ಮಗ ಅದಕ್ಕೆ ಬಾಜಿ ಅಂತ ಹೆಸರಿಟ್ಟಿದ್ದ.

"ಮೂರ್ನಾಕು ದಿನ ಆತು ತಮ್ಮಾ, ಒಂದ್ ಕಾಳು ಮುಟ್ಟಿಲ್ಲ. ಹುಡುಗ ಅಳಾಕತ್ತಾನ. ಏನರ ಮಾಡಪಾ" ಅಂದರು. ಕೈಯಲ್ಲಿ ಅಂಗಡಿಯವರು ಕೊಟ್ಟ ನೀಲಿ ಔಷಧದ ಬಾಟಲಿ ಬೇರೆ. ಅದನ್ನು ತೆಗೆದು ಪಕ್ಕಕ್ಕಿಟ್ಟು, ನಾನು ಕುರ್ಚಿ ಎಳೆದುಕೊಂಡು ಬೋಗುಣಿ ಮುಂದೆ ಕೂತೆ.

ಮೀನಿನ ಕಾಯಿಲೆ ಗೊತ್ತಾಗಬೇಕಾದರೆ ಮೊದಲು ಒಂದಷ್ಟು ಹೊತ್ತು ನೋಡಬೇಕು. ಹತ್ತು ನಿಮಿಷವಾದರೂ ಬೇಕು. ಜನ ಹತ್ತಿರ ಬಂದ ಕೂಡಲೇ ಮೀನು ಹೆದರಿ ಬೇರೆ ಥರ ಆಡುತ್ತೆ, ಆಮೇಲೆ ಅದರ ನಿಜವಾದ ಸ್ಥಿತಿ ಕಾಣುತ್ತೆ. ನಾನು ಮೊದಲು ನೋಡೋದು ಕಿವಿರು, ಎಷ್ಟು ವೇಗವಾಗಿ ತೆರೆದು ಮುಚ್ಚುತ್ತಿದೆ ಅಂತ. ಬೆಟ್ಟಾಗೆ ಮೇಲೆ ಬಂದು ಗಾಳಿ ಕುಡಿಯುವ ಅಂಗ ಇದೆ, ಹಾಗಾಗಿ ಆಗಾಗ ಮೇಲೆ ಬಂದರೆ ಗಾಬರಿ ಬೇಡ. ಮೇಲೇ ನಿಂತು ಕಿವಿರು ಪಟಪಟ ಬಡಿಯುತ್ತಿದ್ದರೆ ತೊಂದರೆ ಇದೆ. ಆಮೇಲೆ ರೆಕ್ಕೆ, ಅಗಲವಾಗಿ ಬಿಚ್ಚಿದೆಯೋ ಮುದುಡಿ ಮೈಗೆ ಅಂಟಿದೆಯೋ. ಕೊನೆಗೆ ಮೇಲಿನಿಂದ ಬಗ್ಗಿ ನೋಡುತ್ತೇನೆ. ಹೊಟ್ಟೆ ಊದಿದ್ದರೆ, ಮೈಮೇಲಿನ ಪೊರೆಗಳು (ಹುರುಪೆ) ಹೊರಕ್ಕೆ ಎದ್ದಿದ್ದರೆ ಪಕ್ಕದಿಂದ ಅಷ್ಟು ಗೊತ್ತಾಗಲ್ಲ, ಮೇಲಿನಿಂದ ತಟ್ಟನೆ ಕಾಣುತ್ತೆ.

ಬಾಜಿಯ ಪೊರೆ ಸರಿ ಇತ್ತು, ಹೊಟ್ಟೆ ಸರಿ ಇತ್ತು. ರೆಕ್ಕೆ ಮುದುಡಿತ್ತು, ಉಸಿರು ವೇಗವಾಗಿತ್ತು. ನೋಡ್ತಾ ಇದ್ದ ಹಾಗೇ ಒಮ್ಮೆಲೇ ಮುನ್ನುಗ್ಗಿ ತಳದ ಕಲ್ಲಿಗೆ ಪಕ್ಕೆ ಉಜ್ಜಿ ಮತ್ತೆ ಸುಮ್ಮನಾಯಿತು. ಮೈ ಕೆರೆಯುತ್ತಿದೆ ಅನ್ನೋದಕ್ಕೆ ಇದೇ ಗುರುತು. ಅಂದರೆ ಚರ್ಮದ ಮೇಲೆ ಏನೋ ಕೂತಿದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮಾತ್ರ ಬಣ್ಣ ಸ್ವಲ್ಪ ಮಂಕಾಗಿದೆ ಅನ್ನೋದು ಬಿಟ್ಟು ಬೇರೇನೂ ಕಾಣಲಿಲ್ಲ.

ಪರದೆ ಎಳೆದು ದೀಪ ಆರಿಸಿದೆ. ಫೋನಿನ ಟಾರ್ಚನ್ನು ನೇರವಾಗಿ ಬಿಡದೆ, ಮೀನಿನ ಹಿಂದಿನಿಂದ ಓರೆಯಾಗಿ ಹಾಯಿಸಿದೆ. ಆಗ ಕಂಡಿತು. ಕಿವಿರಿನ ಹಿಂಭಾಗದಿಂದ ಬೆನ್ನಿನ ಉದ್ದಕ್ಕೂ ಅರಿಶಿನ ಪುಡಿ ಉದುರಿಸಿದ ಹಾಗೆ ಹಳದಿ ಧೂಳು, ಮೀನು ಹೊರಳಿದಾಗ ಮಿಣುಕುತ್ತಿತ್ತು. ಒಂದೊಂದು ಕಣವೂ ಎಷ್ಟು ಸಣ್ಣದೆಂದರೆ ಎಣಿಸೋಕೆ ಆಗಲ್ಲ. ಕಾಕು ಕೂಡ ಬಗ್ಗಿ ನೋಡಿ, "ಅಯ್ಯ, ಇಷ್ಟೊತ್ತನಾ ಇದು ಎಲ್ಲಿತ್ತು?" ಅಂದರು. ಕೆಂಪು, ಕಪ್ಪು, ನೀಲಿ ಮೀನಿನಲ್ಲಿ ಇದು ಚೆನ್ನಾಗಿ ಕಾಣುತ್ತೆ. ಬಿಳಿ ಅಥವಾ ಹಳದಿ ಮೀನಾದರೆ ಟಾರ್ಚಿನಲ್ಲೂ ಕಷ್ಟ.

ಇದಕ್ಕೆ ವೆಲ್ವೆಟ್ ಅನ್ನುತ್ತಾರೆ. ಪಿಸಿನೂಡಿನಿಯಂ ಅನ್ನೋ ಒಂದೇ ಕೋಶದ ಪರಾವಲಂಬಿ. ಚರ್ಮ ಮತ್ತು ಕಿವಿರಿಗೆ ಬೇರಿನಂಥ ಎಳೆ ಇಳಿಸಿ ಅಲ್ಲೇ ಬೆಳೆಯುತ್ತೆ. ಬೆಳೆದ ಮೇಲೆ ಮೈ ಬಿಟ್ಟು ತಳಕ್ಕೆ ಬಿದ್ದು ನೂರಾರು ಮರಿಗಳಾಗಿ ಒಡೆಯುತ್ತೆ. ಆ ಮರಿಗಳು ಈಜಿಕೊಂಡು ಮತ್ತೆ ಮೀನನ್ನು ಹುಡುಕುತ್ತವೆ. ಔಷಧ ಕೊಲ್ಲೋದು ಹೀಗೆ ಈಜುವ ಮರಿಗಳನ್ನು ಮಾತ್ರ. ಮೈಗೆ ಅಂಟಿದ್ದಕ್ಕೂ, ತಳದಲ್ಲಿ ಗೂಡು ಕಟ್ಟಿಕೊಂಡು ಒಡೆಯುತ್ತಿರೋದಕ್ಕೂ ಅದು ತಾಗಲ್ಲ. ಈ ಮಾತು ಗೊತ್ತಿದ್ದರೆ ಮದ್ದನ್ನು ಅರ್ಧಕ್ಕೆ ಯಾಕೆ ಬಿಡಬಾರದು ಅನ್ನೋದು ಯಾರೂ ಹೇಳಿಕೊಡಬೇಕಾಗಿಲ್ಲ.

ಕಾಯಿಲೆ ಗೊತ್ತಾಯಿತು ಅಂತ ತಕ್ಷಣ ಔಷಧಕ್ಕೆ ಕೈ ಹಾಕಲಿಲ್ಲ. ನೀರು ಪರೀಕ್ಷೆ ಮಾಡಿದೆ. ಹನಿ ಹಾಕಿ ನೋಡುವ ಕಿಟ್ಟಿನಲ್ಲಿ ಅಮೋನಿಯ ಇಲ್ಲದಿದ್ದರೆ ಹಳದಿ ಬರಬೇಕು, ಇಲ್ಲಿ ಹಸಿರು ಬಂತು. ಮೂರು ಲೀಟರ್ ಬೋಗುಣಿ, ಫಿಲ್ಟರ್ ಇಲ್ಲ, ತಿನ್ನದೆ ಬಿಟ್ಟ ಕಾಳು ತಳದಲ್ಲಿ ಕೊಳೆಯುತ್ತಿತ್ತು. ಅಮೋನಿಯ ಕಿವಿರನ್ನು ಸುಡುತ್ತೆ. ನೀರು ಬೆಚ್ಚಗಾದಷ್ಟೂ ಅದರ ವಿಷ ಜಾಸ್ತಿ. ವೆಲ್ವೆಟ್‌ಗೆ ನೀರು ಬಿಸಿ ಮಾಡಬೇಕು. ಹಳೇ ನೀರಲ್ಲೇ ಹೀಟರ್ ಹಾಕಿದ್ದರೆ ಮೀನು ರೋಗದಿಂದಲ್ಲ, ಚಿಕಿತ್ಸೆಯಿಂದ ಸಾಯುತ್ತಿತ್ತು. ಅದಕ್ಕೇ ಮೊದಲು ನೀರು, ಆಮೇಲೆ ಬಿಸಿ, ಕೊನೆಗೆ ಮದ್ದು. ಈ ಕ್ರಮವನ್ನು ನಾನು ಯಾವತ್ತೂ ತಪ್ಪಿಸಲ್ಲ.

ನನ್ನ ಹತ್ತಿರ ಆಸ್ಪತ್ರೆ ಅಂತಲೇ ಇಟ್ಟ ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಇದೆ. ಸೋಪು ಮುಟ್ಟಿಸಿದ್ದಲ್ಲ. ಅಳೆದು ನೀರು ಹಾಕಿ 10 ಲೀಟರಿನ ಗೆರೆಗೆ ಟೇಪ್ ಅಂಟಿಸಿದ್ದೇನೆ. ಔಷಧದ ಅಳತೆ ಆ ಗೆರೆಯನ್ನು ನಂಬಿಕೊಂಡಿರುತ್ತೆ, ಕಣ್ಣಂದಾಜು ಇಲ್ಲಿ ನಡೆಯಲ್ಲ. ಕಲ್ಲು, ಗಿಡ ಏನೂ ಹಾಕಲ್ಲ. ತಳ ಖಾಲಿ ಇದ್ದರೆ ಬಿದ್ದ ಪರಾವಲಂಬಿಯನ್ನು ಪೈಪಿನಲ್ಲಿ ಎಳೆದು ಹಾಕಬಹುದು. ಮುಚ್ಚಳ ಮಾತ್ರ ಬೇಕೇ ಬೇಕು. ಬೆಟ್ಟಾ ಹಾರುತ್ತೆ, ಜೊತೆಗೆ ಅದು ಕುಡಿಯುವ ಗಾಳಿಯೂ ಬೆಚ್ಚಗಿರಬೇಕು.

ನಮಗೆ ಬರೋದು ಖಡಕವಾಸಲಾ ಅಣೆಕಟ್ಟಿನ ನೀರು. ಕ್ಲೋರಿನ್ ಇದ್ದೇ ಇರುತ್ತೆ, ಆಂಟಿ-ಕ್ಲೋರಿನ್ ಹಾಕಿ ಬಳಸುತ್ತೇನೆ. ಸೊಸೈಟಿಯ ನೀರಿನ ಟ್ಯಾಂಕ್ ತೊಳೆದ ದಿನ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೇ ಹೊಡೆಯುತ್ತೆ, ಆ ದಿನದ ನೀರನ್ನು ಮೀನಿಗೆ ಮುಟ್ಟಿಸಲ್ಲ. ಮುಂಚಿನ ದಿನವೇ ಎರಡು ಬಕೆಟ್ ತುಂಬಿಟ್ಟಿರುತ್ತೇನೆ. ಟ್ಯಾಂಕರ್ ನೀರು ಬಂದರೂ ಅಷ್ಟೇ. ಅದು ಬೋರಿನ ನೀರು, ಗಡಸು ಬೇರೆ ಇರುತ್ತೆ.

ಡಬ್ಬದ ನೀರನ್ನು ಮೊದಲು ಬೋಗುಣಿಯಷ್ಟೇ ತಣ್ಣಗೆ ಇಟ್ಟು ಮೀನನ್ನು ಬಿಟ್ಟೆ. ಆಮೇಲೆ 50 ವ್ಯಾಟಿನ ಹೀಟರಿನಲ್ಲಿ ಕೆಲವು ಗಂಟೆಗೊಂದು ಡಿಗ್ರಿಯಂತೆ ಏರಿಸುತ್ತಾ 29ಕ್ಕೆ ತಂದು ನಿಲ್ಲಿಸಿದೆ. ಬೆಚ್ಚಗಿನ ನೀರಲ್ಲಿ ಪರಾವಲಂಬಿಯ ಬದುಕು ಬೇಗ ಬೇಗ ಸುತ್ತುತ್ತೆ, ಮರಿಗಳು ಬೇಗ ಹೊರಬಂದು ಮದ್ದಿಗೆ ಸಿಗುತ್ತವೆ. ನೀರು ಬದಲಿಸುವಾಗ ಹೀಟರಿನ ಪ್ಲಗ್ ತೆಗೆದು, ಸ್ವಲ್ಪ ಆರಲು ಬಿಟ್ಟು ಆಮೇಲೆ ಕೈ ಹಾಕಿ. ಬಿಸಿ ಗಾಜು ನೀರಿನಿಂದ ಹೊರಬಂದರೆ ಸೀಳುತ್ತೆ.

ಡಬ್ಬದ ಸುತ್ತ ಕಪ್ಪು ಬಟ್ಟೆ ಸುತ್ತಿದೆ. ಈ ಪರಾವಲಂಬಿಗೆ ಗಿಡದ ಹಾಗೆ ಹರಿತ್ತು ಇದೆ, ಬೆಳಕಿನಿಂದಲೂ ಆಹಾರ ಮಾಡಿಕೊಳ್ಳುತ್ತೆ. ಕತ್ತಲಲ್ಲಿಟ್ಟರೆ ಅದು ಸೊರಗುತ್ತೆ, ಹೆದರಿದ ಮೀನಿಗೂ ಆರಾಮ.

ಉಪ್ಪು ಹಾಕಿದ್ದು ಲೀಟರಿಗೆ ಒಂದೂವರೆ ಗ್ರಾಂ. ನಮ್ಮ ಕಲ್ಲುಪ್ಪು, ಇಲ್ಲಿನ ಕಿರಾಣಿ ಅಂಗಡಿಯಲ್ಲಿ ಖಡೆ ಮೀಠ್ ಅಂತ ಕೇಳಬೇಕು. ಹರಳು ದಪ್ಪ ಇರೋದರಿಂದ ಚಮಚದ ಲೆಕ್ಕ ಸರಿ ಬರಲ್ಲ, ತೂಗಿಯೇ ಹಾಕಿದೆ. ಮಗ್ಗಿನಲ್ಲಿ ಪೂರ್ತಿ ಕರಗಿಸಿ, ದಿನವಿಡೀ ಸ್ವಲ್ಪ ಸ್ವಲ್ಪ ಸುರಿದೆ. ಉಪ್ಪು ಆವಿಯಾಗಿ ಹೋಗಲ್ಲ. ಎಷ್ಟು ನೀರು ತೆಗೆದಿರೋ ಅಷ್ಟಕ್ಕೆ ಮಾತ್ರ ಮತ್ತೆ ಉಪ್ಪು. ಇಲ್ಲವಾದರೆ ದಿನೇದಿನೇ ಏರುತ್ತಲೇ ಹೋಗುತ್ತೆ.

ಮದ್ದು ಅಂತ ಬಳಸಿದ್ದು ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ತಾಮ್ರದ ಔಷಧ. ತಾಮ್ರ ಅಂದ ಕೂಡಲೇ ಕಾಕು, "ಹಂಗಾರ ಮೈಲುತುತ್ತ ಆಗ್ತದಲ್ಲ? ನಮ್ಮ ದ್ರಾಕ್ಷಿ ಪಡದಾಗ ಚೀಲಗಟ್ಟಲೆ ಐತಿ" ಅಂದರು. ಪದಾರ್ಥ ಅದೇ, ನಿಜ. ಆದರೆ ಮೀನಿಗೆ ಬೇಕಾದ್ದು ಲೀಟರಿಗೆ ಮಿಲಿಗ್ರಾಮಿನ ಒಂದು ಚೂರು. ಗುಣಪಡಿಸುವ ಅಳತೆಗೂ ಕೊಲ್ಲುವ ಅಳತೆಗೂ ನಡುವೆ ಜಾಗ ಬಹಳ ಕಡಿಮೆ, ನೀರು ಮೆದುವಾಗಿದ್ದರೆ ಇನ್ನೂ ಕಡಿಮೆ. ತೋಟದ ಮೈಲುತುತ್ತವನ್ನು ಚಿಟಿಕೆ ಲೆಕ್ಕದಲ್ಲಿ ಹಾಕೋ ಕೆಲಸ ದಯವಿಟ್ಟು ಯಾರೂ ಮಾಡಬೇಡಿ. ಬಾಟಲಿಯ ಮೇಲೆ ಬರೆದಷ್ಟನ್ನೇ ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆದು ಹಾಕಿ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಅದು ಔಷಧ ಹೀರುತ್ತೆ. ಬಸವನಹುಳು, ಸೀಗಡಿ ಇರುವ ತೊಟ್ಟಿಗಂತೂ ತಾಮ್ರ ಬೇಡವೇ ಬೇಡ, ಒಂದೂ ಉಳಿಯಲ್ಲ.

ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ಹಾಕಿ ಅಂತ ಹೇಳುವವರು ಬಹಳ ಜನ. ವೆಲ್ವೆಟ್ ಬ್ಯಾಕ್ಟೀರಿಯ ಅಲ್ಲ, ಅದಕ್ಕೆ ಆಂಟಿಬಯೋಟಿಕ್ ಏನೂ ಮಾಡಲ್ಲ. ಗಡಸು ನೀರಲ್ಲಿ ಕ್ಯಾಲ್ಸಿಯಂ ಆ ಔಷಧವನ್ನು ಹಿಡಿದಿಟ್ಟುಕೊಳ್ಳುತ್ತೆ, ನಿಜವಾದ ಬ್ಯಾಕ್ಟೀರಿಯದ ಕಾಯಿಲೆಗೂ ಆಗ ಕೆಲಸ ಕಡಿಮೆ.

ಆಸ್ಪತ್ರೆ ಡಬ್ಬದಲ್ಲಿ ಪಳಗಿದ ಫಿಲ್ಟರ್, ಅಂದರೆ ಅಮೋನಿಯ ತಿನ್ನುವ ಬ್ಯಾಕ್ಟೀರಿಯ ಬೆಳೆದ ಫಿಲ್ಟರ್, ಇರಲ್ಲ. ಹಾಗಾಗಿ ದಿನಾ ಅರ್ಧ ನೀರು ಬದಲಿಸಿದೆ. ಅಷ್ಟೇ ಬೆಚ್ಚಗಿನ ನೀರು, ತೆಗೆದಷ್ಟಕ್ಕೆ ಉಪ್ಪು, ತೆಗೆದಷ್ಟಕ್ಕೆ ಔಷಧ. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ. ಮೊದಲು ಊಟ ಕೊಡಲಿಲ್ಲ. ಒಂದೆರಡು ದಿನದ ಉಪವಾಸದಿಂದ ಬೆಟ್ಟಾಗೆ ಏನೂ ಆಗಲ್ಲ. ಆಮೇಲೆ ಎರಡೇ ಕಾಳು, ತಿನ್ನದಿದ್ದರೆ ತಕ್ಷಣ ತೆಗೆದುಬಿಡೋದು.

ಮೊದಲು ತಿಳಿಯಾದದ್ದು ಉಸಿರು. ಆಮೇಲೆ ಬಾಲದ ರೆಕ್ಕೆ ಬಿಚ್ಚಿತು. ಬಟ್ಟೆ ಸರಿಸಿದರೆ ನನ್ನ ಬೆರಳಿನ ಕಡೆ ತಿರುಗಿ ನೋಡೋಕೆ ಶುರು ಮಾಡಿತು. ಧೂಳು ಹೋಗಿದ್ದು ಎಲ್ಲಕ್ಕಿಂತ ಕೊನೆಗೆ. ಧೂಳು ಕಾಣದಿದ್ದ ದಿನ ಕಾಕು ಮೊಮ್ಮಗನನ್ನು ಕರೆದುಕೊಂಡು ಮೀನು ಒಯ್ಯಲು ಬಂದಿದ್ದರು. ಕೊಡಲಿಲ್ಲ. ಆ ಹುಡುಗನನ್ನೇ ಕೂರಿಸಿಕೊಂಡು, ತಳದಲ್ಲಿ ಇನ್ನೂ ಮರಿಗಳು ಒಡೆಯುತ್ತಿರಬಹುದು ಅಂತ ವಿವರಿಸಿದೆ. ಅವನಿಗೆ ಚೆನ್ನಾಗಿ ಅರ್ಥವಾಯಿತು. ಬಾಟಲಿಯಲ್ಲಿ ಹೇಳಿದ ಅವಧಿ ಪೂರ್ತಿ ಮುಗಿಸಿಯೇ ಕೊಟ್ಟೆ. ಅಲ್ಲಿಯವರೆಗೆ ದಿನಾ ಸಂಜೆ ಬಂದು ಥರ್ಮಾಮೀಟರ್ ಓದಿ ಬರೆದಿಡೋದು ಅವನ ಕೆಲಸವಾಯಿತು.

ಬಾದಾಮಿ ಎಲೆಯ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ನಾವು ತಿನ್ನುವ ಬಾದಾಮಿ ಅಲ್ಲ, ರಸ್ತೆ ಬದಿಯಲ್ಲಿ ಕೊಡೆಯ ಹಾಗೆ ಹರಡಿರುವ ದೊಡ್ಡೆಲೆಯ ಮರ. ತಾನಾಗಿ ಉದುರಿ ಒಣಗಿದ ಎಲೆ ನೀರಿಗೆ ಚಹಾದ ಬಣ್ಣ ಕೊಡುತ್ತೆ, ಮೀನಿಗೆ ಹಿತ. ಆದರೆ ಅದು ವೆಲ್ವೆಟ್‌ಗೆ ಮದ್ದಲ್ಲ. ತಾಮ್ರದ ಜೊತೆ ಹಾಕಲೂಬಾರದು, ಎಲೆಯ ರಸ ತಾಮ್ರವನ್ನು ಹಿಡಿದುಕೊಂಡುಬಿಡುತ್ತೆ. ನಾನು ಹಾಕಿದ್ದು ಮದ್ದೆಲ್ಲಾ ಮುಗಿದ ಮೇಲೆ.

ಧೂಳಿನ ಬದಲು ಬಿಳಿ ಕಂಡರೆ ಇನ್ನೂ ಎಚ್ಚರ ಬೇಕು. ಯಾಕೆಂದರೆ ಬಿಳಿ ಕಾಣುವ ಎರಡು ಕಾಯಿಲೆಗಳಿಗೆ ಚಿಕಿತ್ಸೆ ಒಂದಕ್ಕೊಂದು ಉಲ್ಟಾ. ಎಣಿಸಬಹುದಾದ, ಒಂದೊಂದೂ ಬೇರೆ ಬೇರೆ ಎದ್ದು ನಿಂತ, ಅರ್ಧದಿಂದ ಒಂದು ಮಿಲಿಮೀಟರಿನ ಚುಕ್ಕೆಗಳಾದರೆ ಇಕ್ ಅನ್ನೋ ಬಿಳಿಚುಕ್ಕೆ ರೋಗ. ಅದೂ ಪರಾವಲಂಬಿಯೇ. ನಿಧಾನಕ್ಕೆ 30 ಡಿಗ್ರಿಯವರೆಗೆ ಬಿಸಿ, ಜೊತೆಗೆ ಉಪ್ಪು, ಬಹಳ ಸಲ ಅಷ್ಟರಲ್ಲೇ ಹೋಗುತ್ತೆ. ಅದೇ ಬಾಯಿಯ ಸುತ್ತ ಅಥವಾ ಬೆನ್ನಿನ ಮೇಲೆ ಅಂಚು ಹರಡಿಕೊಂಡ ಬೂದು-ಬಿಳಿ ಪದರ ಕಂಡರೆ ಕಾಲಮ್ನಾರಿಸ್ ಇರಬಹುದು. ಅದು ಬ್ಯಾಕ್ಟೀರಿಯ. ಬಿಸಿ ನೀರಲ್ಲಿ ನೋಡನೋಡುತ್ತಲೇ ಹಬ್ಬುತ್ತೆ, ಒಂದೆರಡು ದಿನದಲ್ಲೇ ಮೀನು ಹೋಗಬಹುದು. ಅಲ್ಲಿ ಬಿಸಿ ಏರಿಸಬಾರದು, ಆಂಟಿಬಯೋಟಿಕ್ ಬೇಕಾಗುತ್ತೆ. ಅದಕ್ಕೇ ಫೋಟೊ ನೋಡಿ ನಾನು ಏನೂ ಹೇಳಲ್ಲ. ಟಾರ್ಚ್ ಹಾಕಿ ವಿಡಿಯೊ ಮಾಡಿ ಕಳಿಸಿ ಅನ್ನುತ್ತೇನೆ.

ಬಾಲ ಹರಿದಿದ್ದರೆ ಅಂಚು ನೋಡಿ. ಅಂಚು ಕಪ್ಪಾಗಿ ಅಥವಾ ಕೆಂಪಾಗಿ ದಿನೇದಿನೇ ಸವೆಯುತ್ತಿದ್ದರೆ ಕೊಳೆತ, ಶುದ್ಧ ನೀರೇ ಮೊದಲ ಮದ್ದು. ಅಂಚು ಚೊಕ್ಕವಾಗಿದ್ದರೆ ಪ್ಲಾಸ್ಟಿಕ್ ಗಿಡಕ್ಕೆ ಸಿಕ್ಕಿ ಹರಿದಿರುತ್ತೆ. ಹೊಟ್ಟೆ ಊದಿದ್ದರೆ ಎರಡು ದಿನ ಉಪವಾಸ. ಬಟಾಣಿ ತಿನ್ನಿಸಿ ಅನ್ನುವವರಿದ್ದಾರೆ, ಅದು ಬೇಡ, ಬೆಟ್ಟಾ ಹುಳು ತಿನ್ನುವ ಮೀನು. ಪೊರೆಗಳೆಲ್ಲಾ ಹೊರಕ್ಕೆ ಎದ್ದು ನಿಂತಿದ್ದರೆ ಒಳಗೆ ಕಿಡ್ನಿ ಸೋತಿರುತ್ತೆ. ಅಲ್ಲಿಂದ ವಾಪಸ್ ಬರುವ ಮೀನು ಅಪರೂಪ. ಮಕ್ಕಳಿರುವ ಮನೆಗೆ ಇದನ್ನು ಮೊದಲೇ ನಿಜವಾಗಿ ಹೇಳಿಬಿಡೋದು ಒಳ್ಳೇದು.

ಬಾಜಿ ಈಗ ಮುಚ್ಚಳ, ಹೀಟರ್, ಸ್ಪಂಜ್ ಫಿಲ್ಟರ್ ಇರುವ 20 ಲೀಟರಿನ ತೊಟ್ಟಿಯಲ್ಲಿದೆ. ಹಳೇ ಬೋಗುಣಿ, ಕಲ್ಲುಗಳನ್ನು ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿದೆವು. ನೀರೂ ಮೀನೂ ಇಲ್ಲದೆ ಈ ಪರಾವಲಂಬಿ ಬದುಕಲ್ಲ. ಹೊಸ ಮೀನು ತಂದರೆ ಮೂರ್ನಾಲ್ಕು ವಾರ ಬೇರೆಯೇ ಇಟ್ಟು, ಆಗಾಗ ಕತ್ತಲಲ್ಲಿ ಟಾರ್ಚ್ ಬಿಟ್ಟು ನೋಡಿ ಅಂತ ಕಾಕುಗೆ ಹೇಳಿದ್ದೇನೆ. ನವೆಂಬರ್ ಕೊನೆಗೆ ಹೀಟರನ್ನು ಬಕೆಟ್ಟಿನಲ್ಲಿಟ್ಟು ಕೆಲಸ ಮಾಡುತ್ತಾ ಅಂತ ಪರೀಕ್ಷಿಸಬೇಕು. ಆಸ್ಪತ್ರೆ ಡಬ್ಬದ ಬಲೆ ಮತ್ತು ಪೈಪಿಗೆ ಕೆಂಪು ದಾರ ಕಟ್ಟಿಟ್ಟಿದ್ದೇನೆ, ಅವೆರಡನ್ನೂ ಬೇರೆ ಯಾವ ತೊಟ್ಟಿಗೂ ಇಳಿಸಲ್ಲ.