ಊರಲ್ಲಿ ಜಮೀನಿದ್ದರೆ ಬದುವಿಗೆ ಗಿಡ ಹಾಕಿ

ಬೆಂಗಳೂರಲ್ಲಿದ್ದು, ದೊಡ್ಡಬಳ್ಳಾಪುರ, ಮಾಗಡಿ ಕಡೆ ತುಂಡು ಹೊಲ ಇಟ್ಟುಕೊಂಡವರು ಇಲ್ಲಿ ಬಹಳ ಜನ ಇದ್ದೀರಿ ಅಲ್ವಾ? ನಿಮಗಾಗಿ ಒಂದು ಮಾತು.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011ರಿಂದಲೂ ಇದೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ. ಸಸಿ ಕಡಿಮೆ ಬೆಲೆಗೆ ಸಿಗುತ್ತದೆ. ನೆಟ್ಟ ಮೇಲೆ ಮೂರು ವರ್ಷ, ಬದುಕಿ ಉಳಿದ ಗಿಡಗಳನ್ನು ಎಣಿಸಿ ಪ್ರೋತ್ಸಾಹಧನ ಕೊಡುತ್ತಾರೆ. ಗಮನಿಸಿ, ನೆಟ್ಟಿದ್ದಕ್ಕಲ್ಲ, ಉಳಿಸಿದ್ದಕ್ಕೆ ದುಡ್ಡು.

ನಾನು ಮೊದಲ ಸಲ ಜೂನ್ 5ರ ಪರಿಸರ ದಿನಕ್ಕೆ ಫೋಟೋ ಹೊಡೆಸಿಕೊಂಡು ನಲವತ್ತು ಸಸಿ ನೆಟ್ಟೆ. ದೀಪಾವಳಿಗೆ ಹೋದರೆ ಆರು ಉಳಿದಿದ್ದವು. ಮಿಕ್ಕಿದ್ದು ಮೇಕೆಗಳ ಪಾಲು! ಈಗ ಬೇಸಿಗೆಯಲ್ಲೇ ಒಂದೂವರೆ ಅಡಿ ಗುಂಡಿ ತೆಗೆಸಿ ಬಿಸಿಲಿಗೆ ಬಿಡುತ್ತೇನೆ. ಮಳೆ ಹಿಡಿದ ಮೇಲೆ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡುತ್ತೇನೆ, ಸುತ್ತ ಜಾಲಿ ಮುಳ್ಳು ಕಟ್ಟುತ್ತೇನೆ. ಬುಡಕ್ಕೆ ಒಣ ಎಲೆ ಹೊದಿಸಿದರೆ ತೇವ ಜಾಸ್ತಿ ದಿನ ನಿಲ್ಲುತ್ತದೆ.

ಯಾವ ಗಿಡ? ಹಲಸು, ಹುಣಸೆ, ನೇರಳೆ ಹಾಕಿ. ರಾಗಿ ಕೈಕೊಟ್ಟ ವರ್ಷ ಹುಣಸೆಹಣ್ಣಿನ ದುಡ್ಡೇ ಮನೆ ನಡೆಸಿದ್ದುಂಟು. ಹೊಂಗೆ ಸೊಪ್ಪು ಗೊಬ್ಬರಕ್ಕೆ, ಬೀಜ ಎಣ್ಣೆಗೆ. ನೀಲಗಿರಿ ಮಾತ್ರ ಬೇಡ, 2017ರಲ್ಲೇ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿದೆ.

ಹೊಲ ನೋಡಿಕೊಳ್ಳುವವರಿಗೆ ಹಣ್ಣಿನಲ್ಲಿ ಪಾಲು ಅಂತ ಮೊದಲೇ ಮಾತಾಡಿಕೊಳ್ಳಿ. ಸುಮ್ನೆ ಹೇಳುತ್ತಿಲ್ಲ, ಮುಳ್ಳುಬೇಲಿಗಿಂತ ಅದೇ ಗಟ್ಟಿ ಕಾವಲು.